ತಂತಿಬೋನಿನೊಳಗಿನ ದನಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಕಿವಿಯಾರೆ ಕೇಳಿದ್ದನ್ನು ಹೇಳುತ್ತೇನೆ, ಅಷ್ಟೆ. ಮಡಕಶಿರಾದವಳು ನಾನು, ಓದಿದ್ದು ಭೌತಶಾಸ್ತ್ರ. ದೆವ್ವಗಿವ್ವ ಅಂದರೆ ಮುಖದ ಮೇಲೇ ನಗುತ್ತಿದ್ದೆ.

ರಾಯದುರ್ಗದಿಂದ ಕಣೇಕಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಪ್ರಯೋಗಶಾಲೆ. ಉದ್ದನೆಯ ಉಕ್ಕಿನ ಕೊಳವೆಯಲ್ಲಿ ತೆಳುವಾಗಿ ಪ್ಲಾಸ್ಮಾ ತುಂಬುತ್ತೇವೆ. ಟ್ಯೂಬ್‌ಲೈಟಿನೊಳಗೆ ಹೊಳೆಯುತ್ತದಲ್ಲ, ಅಂಥದ್ದೇ. ಅದರೊಳಕ್ಕೆ ಕಾಂತಶಕ್ತಿ ಹೊತ್ತ ಇನ್ನೊಂದು ಪ್ಲಾಸ್ಮಾ ಉಂಡೆಯನ್ನು ಹೊಡೆದು, ಏನಾಗುತ್ತದೆಂದು ನೋಡುವುದು ಕೆಲಸ. ಆ ಹೊಡೆತಕ್ಕೆ ಬೇಕಾದ ಕರೆಂಟು, ಆಳು ಹೊಗುವಷ್ಟು ದೊಡ್ಡದಾದ ತಂತಿಬೋನಿನೊಳಗಿನ ಕೆಪಾಸಿಟರ್‌ಗಳಲ್ಲಿ ತುಂಬಿರುತ್ತದೆ. ಮೇನ್ ಆಫ್ ಮಾಡಿದರೂ ಅದು ಅಲ್ಲೇ ಉಳಿದಿರುತ್ತದೆ. ಅದನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಮುಟ್ಟಿಸದೆ ಒಳಗೆ ಹೋದರೆ ಹೆಣವೇ.

ಟೆಕ್ನಿಷಿಯನ್ ಈರಣ್ಣ ರಾಯದುರ್ಗದವರು. ಬೋನಿನೊಳಗೆ ಹೋದಾಗಲೆಲ್ಲ "ತಡಿಯವ್ವಾ, ಒಳಗದೀನಿ" ಎಂದು ಕೂಗುತ್ತಿದ್ದರು. ಹಾಗೆ ಕೂಗಿದರೆ ನಾನು ಹೊಡೆತದ ಬಟನ್ ಮುಟ್ಟುವಂತಿಲ್ಲ. ಅದು ನಮ್ಮಿಬ್ಬರ ಕಟ್ಟಳೆ.

ಆ ರಾತ್ರಿ ಈರಣ್ಣ ನನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಕೆಪಾಸಿಟರ್‌ಗಳು ಚಾರ್ಜ್ ಆಗಿದ್ದವು. ಕೊಳವೆಯ ಗಾಜಿನಲ್ಲಿ ನೇರಳೆ ಬೆಳಕು... ಬಿಸಿ ವಾರ್ನಿಷ್ ವಾಸನೆ... ಬಟನ್ ಮೇಲೆ ಬೆರಳಿಟ್ಟೆ.

"ತಡಿಯವ್ವಾ, ಒಳಗದೀನಿ..."

ಬೋನಿನೊಳಗಿಂದ. ಹಿಂದೆಯೇ ಒಂದು ಒಣಕೆಮ್ಮು.

ಅದು ಈರಣ್ಣನ ದನಿ. ತಿರುಗಿ ಅವರ ಮುಖವನ್ನೇ ನೋಡಿದೆ.

"ಯಾರದು? ಯಾರೋ ಒಳಗ ಹೋಗ್ಯಾರ," ಅಂದರು. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ.

"ಹೋಗ್ಬ್ಯಾಡಣ್ಣಾ... ಅದು ನಿಮ್ದೇ ದನಿ..."

"ಸಾಯ್ತಾನವ್ವ ಅಂವ, ಬಿಡು."

ನಾನು ಮೇನ್ ಆಫ್ ಮಾಡುವಷ್ಟರಲ್ಲಿ ಓಡಿಬಿಟ್ಟಿದ್ದರು. ಒಂದು ದಿನವೂ ಕೋಲು ಮರೆಯದ ಮನುಷ್ಯ ಅದನ್ನು ಕೊಕ್ಕೆಯಲ್ಲೇ ಬಿಟ್ಟು ಹೋಗಿದ್ದರು. ಬಾಗಿಲು ಕಿರ್ರೆಂದಿತು.

"ತಡಿಯವ್ವಾ, ಒಳಗದೀನಿ."

ಒಣಕೆಮ್ಮು.

ಫಟ್...

ಬಳ್ಳಾರಿ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಬೋನಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಅರ್ಧ ಕುಡಿದ ಚಹಾದ ಲೋಟ ನನ್ನ ಪಕ್ಕದಲ್ಲೇ ಉಳಿದಿತ್ತು.

ಈಗ ಅವರ ಜಾಗಕ್ಕೆ ಹುಲುಗಪ್ಪ ಬಂದಿದ್ದಾನೆ. ಕಳೆದ ವಾರ ಅವನು ಪಕ್ಕದಲ್ಲಿ ಕೂತಿದ್ದಾಗ ಬಟನ್ ಮೇಲೆ ಬೆರಳಿಟ್ಟಿದ್ದೆ. ಬೋನಿನೊಳಗಿಂದ ಒಂದು ಹೆಂಗಸಿನ ದನಿ ಬಂತು.

"ತಡಿಯಪ್ಪಾ, ಒಳಗಿದೀನಿ..."

"ಯಾರಪ್ಪಾ ಆ ಹೆಂಗಸು?" ಎಂದು ಪಿಸುಗುಟ್ಟಿದೆ.

ಹುಲುಗಪ್ಪ ತಿರುಗಿ ನನ್ನ ಮುಖವನ್ನೇ ನೋಡಿದ. ಯಾಕೆ ಹಾಗೆ ನೋಡಿದನೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.