ಅಳಿಸಿಹೋದ ನಲವತ್ತಮೂರು ಹೆಸರುಗಳು

ಬೆಳಗಿನ ಐದೂವರೆ. ಹಗರಿಬೊಮ್ಮನಹಳ್ಳಿಯ ಹಿಟ್ಟಿನ ಗಿರಣಿಗಳು ಇನ್ನೂ ಎದ್ದಿಲ್ಲ. ಧೂಳು ನುಗ್ಗದಂತೆ ಧರ್ಮಾಸ್ಪತ್ರೆಯ ಕಿಟಕಿಗೆ ಗೋಣಿತಟ್ಟು ಕಟ್ಟಿ, ನಜಮುನ್ನೀಸಾ ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸುತ್ತಾರೆ. ವೋಲ್ಟೇಜ್ ಮೀಟರಿನ ಮುಳ್ಳು ಅಲುಗಾಡದೆ ನಿಂತ ಮೇಲೆಯೇ ಸ್ವಿಚ್ಚಿಗೆ ಕೈ. "ಗಿರಣಿ ಚಾಲೂ ಆದ್ರ ಕರೆಂಟು ಕುಣಿತೈತ್ರಿ. ಅಷ್ಟರಾಗ ನನ್ನ ಕೆಲಸ ಮುಗೀಬೇಕು" ಎನ್ನುತ್ತಾರೆ.

ಮೂವತ್ತೊಂದು ವರ್ಷದ ಈಕೆ ಹರಪನಹಳ್ಳಿಯವರು. ಗಡಿಯಾರ ರಿಪೇರಿ ಮಾಡುತ್ತಿದ್ದ ತಂದೆ ರಹಿಮಾನ್ ತೀರಿಕೊಂಡಾಗ ಓದು ಬಿಟ್ಟು ಟೈಪಿಂಗ್ ಕಲಿತರು. ಈ ಆಸ್ಪತ್ರೆ ಕುಷ್ಠರೋಗಿಗಳದು. ಮೂರು ವರ್ಷದ ಹಿಂದೆ ದಾನಿಯೊಬ್ಬರು ಕಂಪ್ಯೂಟರ್ ಕೊಟ್ಟಾಗ, ಹತ್ತು ದಿನದ ತರಬೇತಿಗೆ ಹೋಗಿಬಂದವರು ಇವರೊಬ್ಬರೇ. ಐದು ತಾಲೂಕಿನ ಸಾವಿರದ ನೂರ ಎಂಬತ್ನಾಲ್ಕು ರೋಗಿಗಳು ಆ ಯಂತ್ರದಲ್ಲಿದ್ದಾರೆ. ಎರಡು ವರ್ಷ ಒಂದು ತಿಂಗಳೂ ತಪ್ಪದೆ ಗುಳಿಗೆ ನುಂಗಬೇಕಾದವರು. ಯಂತ್ರ ಅಚ್ಚುಹಾಕಿಕೊಡುವ ಪಟ್ಟಿ ನೋಡಿಯೇ ಕಾರ್ಯಕರ್ತರು ಸೈಕಲ್ ಮೇಲೆ ಗುಳಿಗೆ ಒಯ್ಯುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಗುಳಿಗೆಯೂ ಇಲ್ಲ.

ಕಾಗದದ ದಾಖಲೆ ಇಡುವಂತಿರಲಿಲ್ಲ. ಹೆಸರು ಊರಿಗೆ ಗೊತ್ತಾದರೆ ಬಾವಿಗೂ ಬಿಟ್ಟುಕೊಳ್ಳುವುದಿಲ್ಲವೆಂದು ರೋಗಿಗಳು ಅಂಗಲಾಚುತ್ತಿದ್ದರು. ಟೈಪು ಮಾಡಿದ ಮೇಲೆ ಚೀಟಿಗಳನ್ನು, ಗುಳಿಗೆ ಹಂಚಿದ ಮೇಲೆ ಪಟ್ಟಿಯನ್ನು ಸುಡುವುದೇ ಆಸ್ಪತ್ರೆಯ ರೂಢಿಯಾಗಿತ್ತು. ಊರವರ ಆ ಹೆದರಿಕೆ ನಜಮುನ್ನೀಸಾರನ್ನೂ ಬಿಟ್ಟಿಲ್ಲ. "ಎರಡು ಸಂಬಂಧ ಬಂದು ವಾಪಸ್ ಹೋದ್ವು. ಅಕಿ ಬರೇ ಟೈಪ್ ಹೊಡಿತಾಳ ಅಂದ್ರೂ ಕೇಳಲಿಲ್ಲ" ಎನ್ನುತ್ತಾರೆ ತಾಯಿ ಜೈತುನ್ ಬೀ.

ಕಳೆದ ವರ್ಷ, ಎಂಬತ್ತೆಂಟರ ಏಪ್ರಿಲ್‌ನಲ್ಲಿ, ಕರೆಂಟು ಹೋಗಿ ಒಮ್ಮೆಲೇ ಜೋರಾಗಿ ಬಂತು. ಯಂತ್ರದ ಹೊಟ್ಟೆಯೊಳಗೆ ಎಲ್ಲವನ್ನೂ ಹಿಡಿದಿಡುವ ಡಿಸ್ಕು ಕಟ್ ಕಟ್ ಎಂದು ಸದ್ದು ಮಾಡತೊಡಗಿತು. ಪರದೆಯಲ್ಲಿ ಒಂದು ಹೆಸರೂ ಇಲ್ಲ. ವಾರಕ್ಕೊಮ್ಮೆ ನಕಲು ಇಡುತ್ತಿದ್ದ ಫ್ಲಾಪಿಗಳನ್ನು ತೆಗೆದರೆ ಅವಕ್ಕೆ ಬೂಷ್ಟು ಹಿಡಿದಿದೆ. ಬಳ್ಳಾರಿಯಿಂದ ಬಂದ ಮೆಕ್ಯಾನಿಕ್ ಹೊಸ ಡಿಸ್ಕು ಹಾಕಿಸಿಕೊಳ್ಳಿ ಎಂದು ಹೇಳಿ ಹೋದ.

ನಜಮುನ್ನೀಸಾ ಯಂತ್ರದ ಜೊತೆ ಬಂದಿದ್ದ ದಪ್ಪ ಪುಸ್ತಕ ಬಿಚ್ಚಿದರು. ಯಾವ ಮಾಹಿತಿ ಯಾವ ಖಾನೆಯಲ್ಲಿದೆ, ಅದರ ಮುಂದಿನ ತುಂಡು ಎಲ್ಲಿದೆ ಎಂಬ ಸೂಚಿಯನ್ನು ಡಿಸ್ಕು ತನ್ನ ಆರಂಭದಲ್ಲೇ ಬರೆದಿಟ್ಟುಕೊಳ್ಳುತ್ತದೆ. ಒಂದಲ್ಲ, ಎರಡು ಪ್ರತಿ. ಮೊದಲನೆಯದು ಪೂರಾ ಕೆಟ್ಟಿತ್ತು. ಎರಡನೆಯದು ಅಲ್ಲಲ್ಲಿ ಉಳಿದಿತ್ತು. ಸೂಚಿ ಉಳಿದಷ್ಟು ಹೆಸರುಗಳು ಸಲೀಸಾಗಿ ಬಂದವು. ಕೊಂಡಿ ಕಳಚಿದ ತುಂಡುಗಳನ್ನು ಮಾತ್ರ ಯಂತ್ರ ಬರೀ ನಂಬರು ಹಾಕಿ ಎತ್ತಿಕೊಟ್ಟಿತು.

"ಒಂದು ತುಂಡಿನ ಕೊನಿಗೆ ಹೆಸರು ಇರ್ತಿತ್ತು. ಆ ಹೆಸರಿನ ಊರು, ಎಷ್ಟು ತಿಂಗಳ ಗುಳಿಗಿ ಆಗೈತಿ, ಇವೆಲ್ಲ ಇನ್ನೆಲ್ಲೋ ಒಂದು ತುಂಡಿನಾಗ. ತಪ್ಪಿ ಜೋಡಿಸಿದ್ರ ಒಬ್ಬರ ಗುಳಿಗಿ ಇನ್ನೊಬ್ಬರಿಗೆ ಹೋಗ್ತಿತ್ರಿ." ಒಂಬತ್ತು ದಿನ ತುಂಡಿಗೆ ತುಂಡು ಹೊಂದಿಸಿದರು. ಓದಿಸಿದ ಪ್ರತಿ ಸಲವೂ ಡಿಸ್ಕು ಇನ್ನಷ್ಟು ಕೆಡುತ್ತಿತ್ತು. ಹತ್ತನೆಯ ದಿನ ಅದು ತಿರುಗುವುದನ್ನೇ ನಿಲ್ಲಿಸಿತು. ಆಗ ಹಿಂದಿನ ತಿಂಗಳು ಕೊಟ್ಟ ಗುಳಿಗೆಯ ಲೆಕ್ಕಕ್ಕೆ ತಾಳೆ ನೋಡಿದರೆ ನಲವತ್ತಮೂರು ಜನ ಕಡಿಮೆ.

"ಹೆಸರು ನೆನಪಾಗಲಿಲ್ಲ. ಆದ್ರ ಟೈಪ್ ಹೊಡೆದಿದ್ನಲ್ಲ, ಕೆಲವು ಊರು ಬೆರಳಿಗೆ ನೆನಪಿದ್ವು."

ಭಾನುವಾರ ಭಾನುವಾರ ಬಸ್ಸು ಹತ್ತಿದರು. ಆ ಊರುಗಳಿಗೆ ಗುಳಿಗೆ ಒಯ್ಯುತ್ತಿದ್ದ ಹಳೆಯ ಕಾರ್ಯಕರ್ತ ವರ್ಗವಾಗಿ ಹೋಗಿದ್ದ. ಹೊಸಬ ಹುಲುಗಣ್ಣನಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಹಳ್ಳಿಗಳಲ್ಲಿ ಇಬ್ಬರೂ ಅಲೆದರು. ರೋಗದ ಹೆಸರೆತ್ತಿ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕಣ್ಣಿನ ತಪಾಸಣೆ ಎಂದು ಹೇಳಿ ಕೈಬೆರಳು ನೋಡುತ್ತಿದ್ದರು.

ಆಗಸ್ಟಿನಲ್ಲಿ ನೀಲಗುಂದದಲ್ಲಿ ಭರಮಮ್ಮ (ಹೆಸರು, ಊರು ಎರಡೂ ಬದಲಿಸಿದೆ) ಸಿಕ್ಕರು. ಗುಳಿಗೆ ನಿಂತು ನಾಲ್ಕು ತಿಂಗಳಾಗಿತ್ತು. ಬಲಗೈಯ ಎರಡು ಬೆರಳು ಮಡಚಿಕೊಂಡು ಬಿಟ್ಟಿದ್ದವು. "ಮಷೀನಿನಾಗ ನಿಮ್ಮ ಹೆಸರು ಹೋಗಿತ್ತು, ಅದಕ್ಕ ಗುಳಿಗಿ ಬರಲಿಲ್ಲ" ಎಂದು ನಜಮುನ್ನೀಸಾ ತಿಳಿಸಿ ಹೇಳಿದರು. ಭರಮಮ್ಮ, "ಹೆಸರು ಹೋದ್ರ ಹೋಗ್ಲಿ. ನಾನು ಇಲ್ಲೇ ಇದ್ನಲ್ಲವ್ವ" ಎಂದರಂತೆ.

ಇಷ್ಟು ಹೇಳಿ ನಜಮುನ್ನೀಸಾ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಾರೆ. ಭರಮಮ್ಮನ ಚಿಕಿತ್ಸೆ ಮತ್ತೆ ಶುರುವಾಗಿದೆ. ಬೆರಳು ಮಾತ್ರ ನೆಟ್ಟಗಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ.

ಈಗ ಹೊಸ ಡಿಸ್ಕು ಬಂದಿದೆ. ದಿನಾ ಎರಡು ನಕಲು ತೆಗೆಯುತ್ತಾರೆ. ಒಂದು ಇಲ್ಲಿಯ ಬೀರುವಿನಲ್ಲಿ. ಇನ್ನೊಂದು ಮಧ್ಯಾಹ್ನದ ರೈಲಿನಲ್ಲಿ ಕೊಟ್ಟೂರಿನ ಶಾಖೆಗೆ. ತಿಂಗಳಿಗೊಮ್ಮೆ ಎರಡನ್ನೂ ಓದಿಸಿ ನೋಡುತ್ತಾರೆ. ನಲವತ್ತಮೂರರಲ್ಲಿ ಮೂವತ್ತೆಂಟು ಜನ ಸಿಕ್ಕಿದ್ದಾರೆ.

ನಮ್ಮ ಛಾಯಾಗ್ರಾಹಕರು ಕ್ಯಾಮೆರಾ ತೆಗೆದಾಗ ಆಕೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಫೋಟೊ ಬ್ಯಾಡ್ರಿ. ಆ ಜಾಗದಾಗ ಒಂದು ಮಾತು ಹಾಕ್ರಿ. ಹೋದ ವರ್ಷ ಗುಳಿಗಿ ಬರೋದು ನಿಂತೋರು ಇನ್ನೂ ಐದು ಮಂದಿ ಅದಾರ. ತಪ್ಪು ನಮ್ಮದು, ಅವರದಲ್ಲ. ಬರ್ರಿ, ಇಲ್ಲಾಂದ್ರ ಒಂದು ಕಾರ್ಡು ಹಾಕ್ರಿ ಅಂತ ಹೇಳ್ರಿ. ಹೆಸರು ಕೇಳಂಗಿಲ್ಲ. ಯಾವ ಊರು ಅಂದ್ರ ಸಾಕು, ನಾನೇ ಬರ್ತೀನಿ."