ಬಾಗಿಲಿಗೆ ಕಟ್ಟಿದ ಅನಾನಸ್

ಮೊಮ್ಮಗಳು ಮನೆಗೆ ಬಂದಿದ್ದಾಳೆ! ಹಿತ್ತಲಲ್ಲಿ ಅನಾನಸ್ಸೂ ಹಣ್ಣಾಗಿದೆ. ಎರಡೂ ಒಂದೇ ದಿನ. ಇಷ್ಟು ಹೇಳಿ ನಿಲ್ಲಿಸಿದರೂ ನನ್ನ ಹೊಟ್ಟೆ ತುಂಬುತ್ತದೆ. ಆದರೆ ಶಹಾಬಾದದಂಥ ಕಲ್ಲಿನ ಊರಲ್ಲಿ ಅನಾನಸ್ ಎಲ್ಲಿಂದ ಬಂತು ಮುತ್ಯಾ ಎಂದು ನೀವು ಕೇಳಿಯೇ ಕೇಳುತ್ತೀರಿ. ನಾನು ಕಲಿತದ್ದು ನಿಜಾಮನ ಕಾಲದ ಎರಡು ಜಮಾತು, ಅದೂ ಉರ್ದುವಿನಲ್ಲಿ. ಕನ್ನಡ ಬರೆಯಲು ಕೂತರೆ ಕೈ ಈಗಲೂ ಬಲಗಡೆಯಿಂದ ಶುರುಮಾಡಲು ನೋಡುತ್ತದೆ. ಸಾವಕಾಶ ಓದಿಕೊಳ್ಳಿ.

ನಮ್ಮ ಕಡೆ ದೃಷ್ಟಿ ತಾಗಬಾರದೆಂದು ಬಾಗಿಲಿಗೆ ಲೋಳಸರವನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಮಣ್ಣು ನೀರು ಇಲ್ಲದೆ ಅದು ಹಸಿರಾಗಿಯೇ ಇರುತ್ತದೆ. ಸೊಸೆ ಕಮಲಾ ಮೊದಲ ಸಲ ಬಸುರಾದಾಗ ಮಗ ಅವಳಿಗೆ ವಾಡಿ ಸ್ಟೇಷನ್ನಿನಲ್ಲಿ ಅನಾನಸ್ ತಿನ್ನಿಸಿದ. ಹಣ್ಣಿನ ಜುಟ್ಟು ಚಂದ ಕಂಡಿತೆಂದು ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಆ ಹಣ್ಣನ್ನೇ ಕಾಣದ ನನ್ನ ಹೆಂಡತಿ ಮಲ್ಲಮ್ಮ, ಮುಳ್ಳಂಚಿನ ಎಲೆ ನೋಡಿ ಇದು ಲೋಳಸರವೇ ಎಂದುಕೊಂಡು ದಾರ ಹಾಕಿ ಬಾಗಿಲಿಗೆ ಕಟ್ಟಿದಳು. ಕೆಳಗೆ ನಿಂತು, ಸ್ವಲ್ಪ ಎಡಕ್ಕೆ ಸರಿಸು ಎಂದು ಹೇಳಿದ ಜಾಣ ನಾನೇ.

ಅದೇ ವಾರ ಹೊಟ್ಟೆಯೊಳಗಿನ ಕೂಸು ಹೋಯಿತು.

ಓಣಿಯ ಹೆಂಗಸರು ಬಂದು ಕುಂತರು. “ಏನ್ ತಿಂದಿದ್ದಿ, ಖರೇ ಹೇಳ.”

“ಅನಾನಸ್.”

“ಹಂಗಂತೀನಿ! ಭಾಳ ಕಾವು ಅದು. ಕೈಯಾರೆ ಕಳಕೊಂಡಿ ನೋಡವ್ವ.”

ಅಂದಿನಿಂದ ಕಮಲಾ ನಮ್ಮ ಪಂಕ್ತಿಯಲ್ಲಿ ಕೂರಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದಳು. ಕರೆದರೆ, “ಆಮ್ಯಾಲ ಉಣ್ತೀನ್ರಿ” ಎನ್ನುತ್ತಿದ್ದಳು. ಕೆಲವು ದಿನಗಳ ನಂತರ ಬಾಗಿಲು ಸಾರಿಸುತ್ತಿದ್ದ ಮಲ್ಲಮ್ಮನಿಗೆ ಮೆಲ್ಲಗೆ ಹೇಳಿದಳು: “ಅತ್ತಿ, ಅದು ಲೋಳಸರ ಅಲ್ರಿ. ಆ ಹಣ್ಣಿಂದೇ ಜುಟ್ಟು.” ಮಲ್ಲಮ್ಮ ಹಾವು ಕಂಡವಳಂತೆ ಅದನ್ನು ಹರಿದು ಎಸೆಯಲು ಹೊರಟಳು. ಕಮಲಾ ಅವಳ ಕೈ ಹಿಡಿದಳು. “ಒಗೀಬ್ಯಾಡ್ರಿ. ಅದರದೇನ್ ತಪ್ಪದ?”

ಅವಳು ಕೇಳಿದ್ದು ಜುಟ್ಟಿನ ಮಾತಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿಯಿತು. ಮಲ್ಲಮ್ಮ ಜುಟ್ಟನ್ನು ಅವಳ ಕೈಗೇ ಕೊಟ್ಟಳು.

ಹಿತ್ತಲಲ್ಲಿ ಅವಳೇ ಅದನ್ನು ನೆಟ್ಟಳು. ಜೀವನವಿಡೀ ಮನೆಗಳ ನೆಲಕ್ಕೆ ಪರಸಿ ಕಲ್ಲು ಹಾಸಿದವನು ನಾನು, ಕಲ್ಲು ಬಿಟ್ಟರೆ ಬೇರೇನೂ ಗೊತ್ತಿಲ್ಲ. ನಮ್ಮ ಕರಿಮಣ್ಣು ನೀರು ಹಿಡಿದು ಕೊಳೆಸುತ್ತದೆಂದು ಅಡಿಯಲ್ಲಿ ಕಲ್ಲಿನ ಚೂರು ಹಾಕಿ, ಮೇಲೆ ಅವಳ ತವರು ಚಿಂಚೋಳಿಯ ಕೆಂಪುಮಣ್ಣು ಸುರಿದೆ. ಜುಟ್ಟನ್ನು ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ, ಬುಡ ಒಣಗಿದ ಮೇಲೆಯೇ ನೆಡಬೇಕು ಎಂದು ಹಣ್ಣಿನ ವ್ಯಾಪಾರಿಯೊಬ್ಬ ಆಮೇಲೆ ಹೇಳಿದ. ಬಾಗಿಲಿಗೆ ನೇತುಹಾಕಿ ಒಣಗಿಸಿದ್ದು ಮಲ್ಲಮ್ಮನ ತಪ್ಪು ತಿಳಿವಳಿಕೆ! ಕೆಲವು ಗಿಡಗಳು ನಮ್ಮ ಬುದ್ಧಿಯನ್ನು ನಂಬಿ ಬೆಳೆಯುವುದಿಲ್ಲ.

ಅನಾನಸ್ಸಿಗೆ ಅವಸರವೆಂಬುದಿಲ್ಲ. ಎರಡು ಮಳೆಗಾಲ ದಾಟಿದ ಮೇಲೆ ಕಮಲಾ ಮತ್ತೆ ಬಸುರಾದಳು. ಏಳನೇ ತಿಂಗಳಲ್ಲಿದ್ದಾಗ ಎಲೆಗಳ ನಡುವೆ ಕೆಂಪು ಹೂ ತಲೆಯೆತ್ತಿತು. ಮಗಳನ್ನು ಕರೆದೊಯ್ಯಲು ಬಂದ ಬೀಗತಿ ಅದನ್ನು ಕಂಡು ಹೌಹಾರಿದರು.

“ಬೀಗರೇ, ಇದನ್ನ ಕಿತ್ತ ಒಗೀರಿ. ಹೊಟ್ಟಿಮ್ಯಾಲೆ ಇದರ ಕಣ್ಣ ಬೀಳ್ತದ.”

“ಹೂವಿಗೆ ಎಲ್ಲಿಯ ಕಣ್ಣರೀ ಬೀಗತಿ?”

“ನೋಡ್ರಿ, ಮೈತುಂಬ ಕಣ್ಣೇ ಅದಾವ!”

ನೋಡಿದೆ. ನಿಜವಾಗಿಯೂ ಮೈತುಂಬ ಕಣ್ಣೇ ಇದ್ದವು.

ಕಮಲಾ ಹೇಳಿದಳು: “ಬ್ಯಾಡವ್ವ. ಇದನ್ನ ಕಿತ್ತರ, ನಾನೇ ತಿಂದು ಕೂಸ ಕಳದೀನಿ ಅಂತ ಒಪ್ಪಿದಂಗ ಆಗ್ತದ.”

ಬೀಗತಿ ಹಳೆಯ ಸೀರೆಯ ತುಂಡೊಂದನ್ನು ಆ ಕಣ್ಣುಗಳ ಮೇಲೆ ಹೊದಿಸಿದರು. ನಮ್ಮ ಬಿಸಿಲಿಗೆ ಕಾಯಿ ಸುಡದೆ ಉಳಿದದ್ದು ಆ ಮುಸುಕಿನಿಂದ. ಅವರು ಹೋದ ಮೇಲೆ ದಿನಾ ಮುಸುಕು ಸರಿಸಿ ನೋಡುತ್ತಿದ್ದೆ. ಕಾಯಿ ಬಲಿತಷ್ಟೂ ನನಗೆ ಅಂಜಿಕೆ. ಇದೊಂದು ಉಳಿದು ಆ ಜೀವಕ್ಕೆ ಏನಾದರೂ ಆದರೆ, ಈ ಗಿಡದ ಮುಂದೆ ಹೇಗೆ ನಿಲ್ಲಲಿ? ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ಸುದ್ದಿ ಬಂದ ದಿನ ಹಿತ್ತಲಿಗೆ ಹೋಗಿ ಒಬ್ಬನೇ ಅತ್ತೆ.

ಇವತ್ತು ಬೀಗತಿಯೇ ಇಬ್ಬರನ್ನೂ ಕರೆತಂದರು. ಸಂಜೆ ಹಣ್ಣು ಕೊಯ್ದೆ. ಮಲ್ಲಮ್ಮ ಹೋಳು ಮಾಡಿ ಉಪ್ಪು ಖಾರ ಹಚ್ಚಿದಳು. ಯಾರೂ ಕೈ ಹಾಕಲಿಲ್ಲ. ಬೀಗತಿ ಒಂದು ಹೋಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

“ಹ್ಯಾಂಗದರೀ?” ಎಂದ ನನ್ನ ಮಗ.

“ಹುಳಿ ಅದ,” ಎಂದರು. ಆಮೇಲೆ ತಟ್ಟೆಯಲ್ಲೆಲ್ಲ ಹುಡುಕಿ ಹಳದಿ ತುಂಬಿದ ಹೋಳೊಂದನ್ನು ಆರಿಸಿ ಮಗಳ ಬಾಯಿಗೆ ತಾವೇ ಇಟ್ಟರು. “ಇದು ಸಿಹಿ ಇರ್ತದ. ತಿನ್ನವ್ವ.”

ಕಮಲಾ ತಿಂದಳು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ತನ್ನ ತಟ್ಟೆ ತಂದಳು. ಮಲ್ಲಮ್ಮ ಸರಿದು ಜಾಗ ಕೊಟ್ಟಳು. ರೊಟ್ಟಿ, ಪುಂಡಿಪಲ್ಯ, ಅನಾನಸ್, ಎಲ್ಲ ಕೂಡಿ ಉಂಡೆವು.