ಎಂಟು ವರ್ಷದ ಹಿಂದಿನ ಅಮಾವಾಸ್ಯೆ

ಮಕ್ಕಳೇ, ನಿಮ್ಮಜ್ಜಿ ಮೊನ್ನೆ ರಾಮನಗರದ ಆಫೀಸಿನಲ್ಲಿ ಸಾಹೇಬರ ಎದುರು ಬಾಯಿಬಿಟ್ಟಳು. ನಂಬುತ್ತೀರಾ? (ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೂ ಊರಿನ ಹೆಸರನ್ನು ಅವನಿಗೆ ಕೇಳಿಸುವಂತೆ ಹೇಳಲಾರದವಳು ನಾನು.)

ವಿಷಯ ನಿಮ್ಮ ಲಲಿತತ್ತೆಯದು. ನನ್ನ ಮಗಳಿಗೆ ರೇಷ್ಮೆ ಇಲಾಖೆಯಲ್ಲಿ ಕೆಲಸ; ಹುಳ ಸಾಕುವವರಿಗೆ ಹೇಳಿಕೊಡುವುದು. ಈ ಸಲ ಇನ್‌ಸ್ಪೆಕ್ಟರ್ ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ಪಾಯಸ ಮಾಡಿದೆ. ವಾರದೊಳಗೆ ಬಂದದ್ದು ಆರ್ಡರ್ ಅಲ್ಲ, ಚಾರ್ಜ್‌ಶೀಟ್!

ತಪ್ಪೇನು? ಎಂಟು ವರ್ಷದ ಹಿಂದೆ ಅಕ್ಕೂರಿನಲ್ಲಿ ಮರಿಹುಳ ಹಂಚುವ ದಿನ. ಬೆಳಗ್ಗೆಯೇ ಅವಳು ರಿಜಿಸ್ಟರಿನಲ್ಲಿ 'ವಿತರಿಸಲಾಗಿದೆ' ಎಂದು ಬರೆದಿಟ್ಟಳು. ಒಬ್ಬರೂ ಬರಲಿಲ್ಲ. ಅವತ್ತು ಅಮಾವಾಸ್ಯೆ! ನಾವು ಆ ದಿನ ಹುಳವನ್ನು ಮನೆಯೊಳಗೆ ತರುವುದಿಲ್ಲ. ಹುಳ ಸಾಕುವ ಮನೆಯಲ್ಲೇ ಹುಟ್ಟಿದವಳು ಕ್ಯಾಲೆಂಡರ್ ನೋಡಲಿಲ್ಲವಲ್ಲ! ಮಾರನೆಯ ದಿನ ಎಲ್ಲರೂ ಬಂದು ಒಯ್ದರು. ಬರೆದ ತಾರೀಖು ಹಾಗೇ ಉಳಿಯಿತು.

ತಪ್ಪು ತಪ್ಪೇ. ಆದರೆ ಮರುವರ್ಷವೇ ಲೆಕ್ಕ ತನಿಖೆಯವರು ಗುರುತು ಹಾಕಿ ಫೈಲು ಮಾಡಿದ್ದು, ಈಗ ಬಡ್ತಿಯ ವಾರದಲ್ಲೇ ಎದ್ದು ಕೂರಬೇಕೆ? ಬಡ್ತಿ ತಪ್ಪಿದರೆ, ಪಟ್ಟಿಯಲ್ಲಿ ಅವಳ ಹಿಂದಿರುವ, ಅವಳೇ ಕೆಲಸ ಕಲಿಸಿದವನು ಅವಳಿಗೆ ಸಾಹೇಬ. ಲಲಿತ ಊಟ ಬಿಟ್ಟಳು.

ಫ್ಯಾಕ್ಟರಿ ಹುಡುಗಿಯರು ತುಂಬಿದ ಬಸ್ಸಿನಲ್ಲಿ ಇಬ್ಬರೂ ನಿಂತೇ ರಾಮನಗರದ ಆಫೀಸಿಗೆ ಹೋದೆವು. ಚಾರ್ಜ್ ಇದ್ದವರಿಗೆ ಬಡ್ತಿ ಇಲ್ಲ, ವಿಚಾರಣೆ ಮುಗಿಯಲಿ ಎಂದರು ಗುಮಾಸ್ತರು. ಎಷ್ಟು ದಿನ ಎಂದರೆ ಫ್ಯಾನ್ ನೋಡಿದರು.

ನಾನು ನೋಟಿಸ್ ಬೋರ್ಡ್ ಓದುತ್ತಾ ನಿಂತೆ. (ಹಳ್ಳಿ ಶಾಲೆಯ ಅಕ್ಷರ, ಬೆರಳಿಟ್ಟೇ ಓದಬೇಕು.) ಬಡ್ತಿ ಸಮಿತಿ ಕೂತು ಪಟ್ಟಿ ಮಾಡಿದ್ದು ನಾಲ್ಕನೇ ತಾರೀಖು. ಚಾರ್ಜ್‌ಶೀಟ್ ತೆಗೆದು ನೋಡಿದೆ. ಅದೇ ತಿಂಗಳು, ಹತ್ತು!

ಕಾಗದ ಹಿಡಿದು ಹೊರಟೆ. "ಅವ್ವ, ಸುಮ್ಕಿರವ್ವ," ಎಂದು ಲಲಿತ ಸೆರಗು ಎಳೆದಳು. ಎಳೆಸಿಕೊಂಡೇ ಸಾಹೇಬರ ಕೋಣೆಗೆ ಹೋದೆ.

"ಸಾಮಿ, ನೀವು ಪಟ್ಟಿ ಮಾಡ್ದಾಗ ಇವಳ ಮ್ಯಾಲೆ ಏನೂ ಇರ್ನಿಲ್ಲ. ಆಮ್ಯಾಕೆ ಬಂದ ಕಾಗ್ದ ಮುಂಚಿಂದನ್ನ ಹೆಂಗೆ ತಡೀತೈತೆ?"

ಸಾಹೇಬರು ಪಟ್ಟಿ ತರಿಸಿ, ಚಾರ್ಜ್‌ಶೀಟಿನ ಪಕ್ಕ ಇಟ್ಟು ನೋಡಿದರು. ಗುಮಾಸ್ತರನ್ನು ಕರೆದರು.

"ಏನ್ರೀ, ಈ ಅಮ್ಮಂಗೆ ಕಂಡಿದ್ದು ನಿಮ್ಗೆ ಕಾಣ್ಲಿಲ್ವಾ?"

ವಿಚಾರಣೆ ಅದರ ಪಾಡಿಗೆ ನಡೆಯುತ್ತದೆ, ಆದರೆ ಸಮಿತಿ ಕೂತ ದಿನ ಚಾರ್ಜ್ ಇಲ್ಲದವರ ಬಡ್ತಿ ತಡೆಯುವಂತಿಲ್ಲ ಎಂದು ಫೈಲಿನಲ್ಲಿ ಬರೆದರು. ಶನಿವಾರ ಆರ್ಡರ್ ಬಂತು, ಮಕ್ಕಳೇ! ನಿಮ್ಮತ್ತೆ ಈಗ ಇನ್‌ಸ್ಪೆಕ್ಟರ್!

ತಾರೀಖಿನ ತಪ್ಪನ್ನು ಅವಳು ಒಪ್ಪಿಕೊಂಡೇ ಉತ್ತರ ಬರೆದಿದ್ದಾಳೆ. ಸರಿ, ಆ ಫೈಲನ್ನು ಇಷ್ಟು ವರ್ಷ ಬೀರುವಿನಲ್ಲಿ ಮಲಗಿಸಿದವರಿಗೆ ಚಾರ್ಜ್‌ಶೀಟ್ ಕೊಡುವವರು ಯಾರು?